ಭಾವನವರ ರಜೆ ಅರ್ಜಿ

ನಮ್ಮ ಭಾವನವರು ಯಾರ ಸಹಾಯವನ್ನೂ ಕೇಳಿದವರಲ್ಲ. ಕೇಳದೆ ಇರುವುದಕ್ಕೆ ಅವರು ಪಟ್ಟ ಪಾಡಿನಿಂದಲೇ ನನ್ನದೊಂದು ನೋಟ್‌ಬುಕ್ ತುಂಬಿದೆ. ನಾನು ಆ ಕಾಲದ ಬಿ.ಎಸ್ಸಿ.; ನೋಡಿದ್ದನ್ನೆಲ್ಲ ಬರೆದಿಡುವವಳು.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ, ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಹಲಸೂರಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ತೊಂಬತ್ತರ ದಶಕದ ಕೊನೆಗೆ ಅಕ್ಕನಿಗೆ ಮರೆವಿನ ಕಾಯಿಲೆ ಶುರುವಾಯಿತು. ಅದೇ ಹೊತ್ತಿಗೆ ಭಾವನ ಕಣ್ಣಿಗೆ ಪೊರೆ ಬಂತು. ಬೇಗ ಆಪರೇಷನ್ ಆಗದಿದ್ದರೆ ಕಷ್ಟ ಎಂದರು ಡಾಕ್ಟರು. "ಇವಳನ್ನ ಬೇರೆಯವರ ಕೈಗೆ ಬಿಡಲ್ಲ" ಎಂದರು ಭಾವ. ಅಲ್ಲಿಗೆ ನಿಂತಿತು.

೧. ಸ್ನೇಹಿತನ ಹೆಂಡತಿ

ಒಂದು ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಸಿ.ವಿ. ರಾಮನ್ ನಗರದಿಂದ ಇಂದಿರಾನಗರದ ನಮ್ಮ ಮನೆಗೆ ಬಂದರು.

"ನನ್ನ ಸ್ನೇಹಿತನೊಬ್ಬನ ಹೆಂಡ್ತಿಗೆ ಸೀರೆ ಉಡೋದು ಮರೆತುಹೋಗಿದೆಯಂತಮ್ಮ. ನೆರಿಗೆ ಹಿಡಿಯೋದು ಹೇಗೆ ಅಂತ ತೋರಿಸು, ಅವನಿಗೆ ಹೇಳ್ಬೇಕು."

ಪಕ್ಕದಲ್ಲೇ ಅಕ್ಕ ನೈಟಿಯ ಮೇಲೆ ಸೀರೆಯನ್ನು ಶಾಲಿನಂತೆ ಹೊದ್ದು ಕೂತಿದ್ದರು. ಪ್ಯಾಂಟಿನ ಮೇಲೇ ಭಾವನಿಗೆ ಸೀರೆ ಉಡಿಸಿ ತೋರಿಸಿದೆ. ಸೆರಗು ಹಾಕುವಷ್ಟರಲ್ಲಿ ಗ್ಯಾಸಿನವನು ಬಾಗಿಲಿಗೆ ಬಂದು, ಅವರ ಬೆನ್ನು ನೋಡಿ, "ಅಮ್ಮಾ, ಇಲ್ಲೊಂದು ಸೈನ್ ಹಾಕಿ" ಎಂದ. ಭಾವ ತಿರುಗಿ, ಸೆರಗು ಸರಿಮಾಡಿಕೊಂಡು, ಸೈನ್ ಹಾಕಿ, ಕೆಳಗೆ 'ಫೋರ್‌ಮನ್, ನಿವೃತ್ತ' ಎಂದೂ ಬರೆದರು.

೨. ಲಂಗದ ನಕ್ಷೆ

ಅಕ್ಕನಿಗೆ ಲಂಗ ಬೇಕಿತ್ತು. ನನಗೊಂದು ಮಾತು ಹೇಳಿದ್ದರೆ ತರುತ್ತಿದ್ದೆ. ಇಲ್ಲ, ಅಕ್ಕನ ಕೈ ಹಿಡಿದುಕೊಂಡು ತಾವೇ ಕಮರ್ಷಿಯಲ್ ಸ್ಟ್ರೀಟಿಗೆ ಹೊರಟರು. ಬ್ಲೌಸ್ ಪೀಸ್ ತರಲು ಹೋಗಿದ್ದ ನಾನೂ ಆ ಹೊತ್ತಿಗೆ ಅದೇ ಅಂಗಡಿಯಲ್ಲಿದ್ದೆ. ಗ್ರಾಫ್ ಹಾಳೆಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ನಕ್ಷೆ ಬರೆದು ತಂದಿದ್ದರು. ಅಂಗಡಿಯವನು ಹಾಳೆಯನ್ನು ಉಲ್ಟಾ ಸೀದಾ ತಿರುಗಿಸಿ ನೋಡಿ, "ಸಾಬ್, ಇದು ಲಂಗಾನಾ, ಬಾಯ್ಲರಾ?" ಎಂದ.

ಆದರೆ ಅದಕ್ಕೂ ಮೊದಲು ಭಾವ ಆ ನಕ್ಷೆಯನ್ನು ಐದು ನಿಮಿಷ ವಿವರಿಸಿದ್ದು ಸೀರೆ ಉಡಿಸಿ ನಿಲ್ಲಿಸಿದ್ದ ಬೊಂಬೆಗೆ.

"ಭಾವ, ಈಗಲಾದರೂ ಕಣ್ಣು ತೋರಿಸಿ" ಎಂದೆ.

"ಬೊಂಬೆ ಅಂತ ಗೊತ್ತಿತ್ತಮ್ಮ. ಮಧ್ಯೆ ಬಾಯಿ ಹಾಕದೆ ಕೇಳ್ತಿತ್ತು, ಅದಕ್ಕೇ ಹೇಳ್ತಾ ಇದ್ದೆ."

೩. ಬದಲಿ ಆಳು

ಅಷ್ಟರಲ್ಲಿ ಅಕ್ಕ ಭಾವನನ್ನು ತಮ್ಮ ಶಾಲೆಯ ಅಟೆಂಡರ್ ಎಂದೇ ತಿಳಿದಿದ್ದರು. ಆಪರೇಷನ್ ಆಪರೇಷನ್ ಎಂದು ನಾನು ಪೀಡಿಸಿದ್ದು ಹೆಚ್ಚಾಗಿ, ಒಂದು ದಿನ ಭಾವ, "ಅವಳೇ ಒಪ್ಪಲ್ಲಮ್ಮ, ಬೇಕಾದ್ರೆ ನೋಡು" ಎಂದು ನನ್ನೆದುರಿಗೇ ಅಕ್ಕನನ್ನು ಕೇಳಿದರು. "ಮೂರು ದಿನ ಆಸ್ಪತ್ರೆಗೆ ಹೋಗಿ ಬರ್ಲಾ?"

"ಬಾಯಿಮಾತಲ್ಲಿ ರಜೆ ಕೊಡೋಕಾಗಲ್ಲಪ್ಪ. ಅರ್ಜಿ ಎಲ್ಲಿ?" ಎಂದರು ಅಕ್ಕ.

ಇಡೀ ಕಾರ್ಖಾನೆಯ ರಜೆ ಅರ್ಜಿ ನೋಡಿದ್ದ ಮನುಷ್ಯ ಕೂತು ಅರ್ಜಿ ಬರೆದರು. ಅಕ್ಕ ಎರಡು ಸಲ ಓದಿದರು.

"ನೀನಿಲ್ಲದಾಗ ಗಂಟೆ ಹೊಡೆಯೋರು ಯಾರು? ಬದಲಿ ಆಳು ಕೊಡು, ರಜೆ ತಗೋ."

ಭಾವ ನನ್ನ ಮುಖ ನೋಡಿದರು. ನೆಲ ನೋಡಿದರು. "ಮೂರು ದಿನ ಬಂದಿರ್ತೀಯೇನಮ್ಮ?"

"ನಿಮ್ಮ ಸ್ನೇಹಿತನ ಮನೆಗಾ?"

"ಇಲ್ಲಮ್ಮ. ನಮ್ಮನೆಗೆ."

ಆಪರೇಷನ್ ಚೆನ್ನಾಗಿ ಆಯಿತು. ನಾನು ಮೂರು ದಿನ ಗಂಟೆ ಹೊಡೆದೆ, ಸ್ಟೀಲ್ ತಟ್ಟೆಯ ಮೇಲೆ. ಪಟ್ಟಿ ಬಿಚ್ಚಿ ಹೊಸ ಕನ್ನಡಕ ಬಂದ ದಿನ, ಜೋಪಾನವಾಗಿ ಇಟ್ಟಿದ್ದ ಆ ಅರ್ಜಿಯನ್ನು ಭಾವನ ಕೈಗೆ ಕೊಟ್ಟೆ. ಅದರ ಕೆಳಗೆ ಅಕ್ಕ ಕೆಂಪು ಇಂಕಿನಲ್ಲಿ ಬರೆದದ್ದನ್ನು ಅವರು ಆಗಲೇ ಮೊದಲು ಓದಿದ್ದು:

"ಮಂಜೂರು. ಇಷ್ಟು ವರ್ಷದಲ್ಲಿ ಒಂದು ದಿನವೂ ರಜೆ ಕೇಳದ ನೌಕರ. ಅನುಮಾನವಿದೆ. ವಿಚಾರಿಸಿ."