ಕನಸಿಗೊಂದು ಸೈಲೆನ್ಸರ್

ವಿಜಯಕುಮಾರನ ಹಳೆಯ ಮಾರುತಿ ಕಾರಿನ ಸೈಲೆನ್ಸರಿಗೆ ತೂತು ಬಿದ್ದು ವರ್ಷವಾಗಿತ್ತು. ಅಂದಿನಿಂದ ಹೆಂಡತಿ ವನಿತಾ ಆ ಕಾರನ್ನು ಹತ್ತಿರಲಿಲ್ಲ.

"ಆ ಸದ್ದಿಗೆ ತಲೆ ಸಿಡಿದುಹೋಗುತ್ತೆ ರೀ. ಮೊದಲು ಅದರ ಬಾಯಿ ಮುಚ್ಚಿಸಿ, ಆಮೇಲೆ ಬರ್ತೀನಿ," ಅನ್ನುತ್ತಿದ್ದಳು.

ವಿಜಯಕುಮಾರನಿಗೆ ಇದ್ದ ಆಸೆ ಒಂದೇ. ಸಂಜೆ ಹೊತ್ತು ಬೇತಮಂಗಲದ ಕೆರೆ ಏರಿಯ ಮೇಲೆ ಕಾರು ನಿಧಾನವಾಗಿ ಸಾಗಬೇಕು, ನೀರಿನಾಚೆ ಸೂರ್ಯ ಇಳಿಯಬೇಕು, ಪಕ್ಕದಲ್ಲಿ ಕೂತ ವನಿತಾ ಏನಾದರೂ ಮಾತಾಡುತ್ತಿರಬೇಕು. ಸೊಪ್ಪಿನ ಬೆಲೆಯ ಮಾತಾದರೂ ಸರಿಯೇ. ಕಾರ್ಖಾನೆಯಲ್ಲಿ ಮೆಷಿನ್ ಮುಂದೆ ನಿಂತಾಗಲೂ ಪಾಪ, ಅವನಿಗೆ ಅದೇ ಕನಸು.

ಕೊನೆಗೊಂದು ಭಾನುವಾರ ಬಂಗಾರಪೇಟೆಗೆ ಹೊರಟೇಬಿಟ್ಟ. ಚಿನ್ನದ ಗಣಿ ಮುಚ್ಚಿ ಪಾಳಿಯ ಸೈರನ್ ನಿಂತ ಮೇಲೆ ಮೈಸೂರು ಮೈನ್ಸ್ ಬಡಾವಣೆಯ ಅವನ ಬೀದಿಗೆ ಉಳಿದಿದ್ದ ಸೈರನ್ ಅಂದರೆ ಅವನ ಕಾರೊಂದೇ. ಅದು ಗುಡುಗಿದ ಕೂಡಲೇ ಎದುರುಮನೆಯ ಗಂಗರತ್ನಮ್ಮ ರಸ್ತೆಯಲ್ಲಿ ಒಣಹಾಕಿದ್ದ ಹಪ್ಪಳವನ್ನು ಚಾಪೆಸಮೇತ ಎಳೆದುಕೊಂಡರು. ಹಾಲಿನ ಸೀನಪ್ಪ ಸೈಕಲ್ ಎತ್ತಿಕೊಂಡು ಚರಂಡಿ ದಾಟಿದ.

"ಎಲ್ಲಿಗ್ ಸಾರ್?" ಎಂದು ಆ ಕಡೆಯಿಂದಲೇ ಕೂಗಿದ.

"ಸೈಲೆನ್ಸರ್ ಹಾಕಿಸೋಕೆ!"

"ಯಾಕ್ ಸಾರ್? ಇದೇ ಸಂದಾಗೈತಲ್ಲ!"

ತನ್ನ ಕಾರಿನ ಮೇಲೆ ಜನಕ್ಕೆ ಎಷ್ಟು ಪ್ರೀತಿ ಎಂದುಕೊಂಡು ವಿಜಯಕುಮಾರ ಹಿಗ್ಗಿದ.

ಬಂಗಾರಪೇಟೆಯ ಮೆಕ್ಯಾನಿಕ್ ಮುನಿಸ್ವಾಮಪ್ಪ ಕಾರಿನಡಿಗೆ ತೂರಿ, ಮುಖದ ತುಂಬ ತುಕ್ಕು ಉದುರಿಸಿಕೊಂಡು ಹೊರಬಂದ. "ಕಂಪ್ನಿಯಿಂದ ಬಂದಾಗಿನ್ದೇ ಸಾರ್ ಇದು, ಒರಿಜಿನಲ್ಲು. ಮುಂದ್ಗಡೆ ಪೈಪು ಇನ್ನೂ ಗಟ್ಟಿಯಾಗೈತೆ. ಇಂದ್ಗಡೆ ಡಬ್ಬ ಒಂದು ಬದ್ಲಾಯಿಸಿದ್ರೆ ಸಾಕು."

ತುಕ್ಕು ಹಿಡಿದ ಬೋಲ್ಟುಗಳು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮುನಿಸ್ವಾಮಪ್ಪ ಅವುಗಳಿಗೆ ತೆಲುಗಿನಲ್ಲಿ ಬೈದ, ತಮಿಳಿನಲ್ಲಿ ಬೈದ, ಕೊನೆಗೆ ಗ್ಯಾಸ್ ಹಚ್ಚಿ ಕತ್ತರಿಸಿದ. ವಿಜಯಕುಮಾರ ಸ್ಟೂಲಿನ ಮೇಲೆ ಕೂತು ಕೆರೆ ಏರಿಯ ಗಾಳಿ ಕುಡಿಯುತ್ತಿದ್ದ.

"ಅಳೇ ಡಬ್ಬ ಮಡಿಕ್ಕೋತೀರಾ ಸಾರ್?"

"ಬೇಡಪ್ಪಾ! ಅದರ ಮುಖ ಕೂಡ ನೋಡಲ್ಲ."

ವಾಪಸು ಬರುವ ದಾರಿ ದಾರಿಯಾಗಿರಲಿಲ್ಲ, ದೋಣಿಯ ಮೇಲೆ ತೇಲಿಬಂದಂತಿತ್ತು. ಹುಣಸೆಮರದ ಗಿಳಿಗಳು ಕೇಳಿಸಿದವು. ಗಣಿಮಣ್ಣಿನ ದಿಬ್ಬಗಳ ಮೇಲೆ ಗಾಳಿ ಸುಯ್ಯೆಂದದ್ದು ಕೇಳಿಸಿತು. ವನಿತಾ ಪಕ್ಕದಲ್ಲೇ ಕೂತು ಸೊಪ್ಪಿನ ಬೆಲೆ ಹೇಳತೊಡಗಿದಳು. "ಅಯ್ಯೋ, ಇಷ್ಟು ದುಬಾರಿಯಾ?" ಎಂದು ಇವನು ಖಾಲಿ ಸೀಟಿನ ಕಡೆ ತಿರುಗಿ ಕೇಳಿದ. ಮಾರಿಕುಪ್ಪಂ ಸ್ಟೇಷನ್ ಎದುರಾದಾಗಲೇ ತನ್ನ ತಿರುವು ಹಿಂದೆ ಉಳಿದದ್ದು ಗೊತ್ತಾಯಿತು.

ತಿರುಗಿಸಿಕೊಂಡು ಬಂದು ಬೀದಿಗೆ ಹೊಕ್ಕರೆ ಯಾರೂ ಸರಿಯಲಿಲ್ಲ. ಸೀನಪ್ಪ ನಡುರಸ್ತೆಯಲ್ಲಿ ನಿಂತು ಬೀಡಿ ಹಚ್ಚುತ್ತಿದ್ದವನು ಕೊನೇ ಗಳಿಗೆಯಲ್ಲಿ ಹಾರಿದ. ಅವನ ಹಾಲಿನ ಕ್ಯಾನು ಚರಂಡಿಗೆ ಉರುಳಿತು.

"ಏನ್ ಸಾರ್, ಕಳ್ಳಬೆಕ್ಕು ಬಂದಂಗ್ ಬತ್ತೀರಾ!"

"ಸಾರಿ ಸೀನಪ್ಪಾ!" ಎನ್ನುತ್ತಲೇ ವಿಜಯಕುಮಾರ ಮತ್ತೆ ತೇಲಿದ. ಮನೆ ಮುಂದೆ ಬರುವಾಗ ಚಕ್ರದಡಿ ಪಟಪಟ ಸದ್ದಾಯಿತು. ಆಹಾ, ತರಗೆಲೆಯ ಸದ್ದೂ ಕೇಳಿಸುತ್ತಿದೆ ಎಂದು ಅವನ ಮನಸ್ಸು ಅರಳಿತು.

ವನಿತಾಳನ್ನು ಬೆರಗುಗೊಳಿಸಬೇಕೆಂದು ತುದಿಗಾಲಲ್ಲಿ ಬಾಗಿಲ ಬಳಿ ಬಂದ. ಒಳಗೆ ಗಂಗರತ್ನಮ್ಮನ ದನಿ ಕೇಳಿಸಿತು.

"ಸದ್ದು ನಿಂತೋದ್ರೆ ಕಾರ್‌ನಾಗ್ ಓಗ್ಲೇಬೇಕಲ್ಲ ವನಿತಮ್ಮ?"

"ಸದ್ದು ಅನ್ನೋದೆಲ್ಲ ನೆಪ ಅಕ್ಕ. ಇವರು ಸ್ಟೀರಿಂಗ್ ಹಿಡಿದ್ರೆ ಕಣ್ಣು ಬಿಟ್ಕೊಂಡೇ ಕನಸು ಕಾಣ್ತಾರೆ. ರಸ್ತೇಲಿರೋರು ಸದ್ದು ಕೇಳಿ ಓಡಿ ಪ್ರಾಣ ಉಳಿಸ್ಕೊತಾರೆ. ಒಳಗೆ ಕೂತಿರೋ ನಾನು ಎಲ್ಲಿಗೆ ಓಡ್ಲಿ, ಹೇಳಿ? ಇವತ್ತು ಕರೆದರೆ ತಲೆನೋವು ಅಂತ ಮಲಗಿಬಿಡ್ತೀನಿ."

ವಿಜಯಕುಮಾರನ ಒಂದಿಡೀ ವರ್ಷದ ಕನಸು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಿತು. ಅವನು ಜೋರಾಗಿ ಕೆಮ್ಮಿ ಒಳಗೆ ಹೋದ.

"ಬಂಗಾರಪೇಟೆಲಿ ಸೈಲೆನ್ಸರ್ ಸಿಗಲಿಲ್ಲ ಕಣೆ. ಕಾರು ನಮ್ಮ ಬೀದಿ ಮೂಲೇಲೇ ನಿಲ್ಲಿಸಿ ನಡ್ಕೊಂಡು ಬಂದೆ."

ವನಿತಾಳ ಮುಖ ಅರಳಿತು. ಗಂಗರತ್ನಮ್ಮ ಎದ್ದು ಹೊರಟ ಮೇಲೆ ಅವಳು ಕಾಫಿ ತಂದುಕೊಟ್ಟು ಅವನ ಪಕ್ಕದಲ್ಲೇ ಕೂತಳು. ದಂಟಿನ ಸೊಪ್ಪಿನ ಬೆಲೆ ಎಷ್ಟಾಗಿದೆ ಎಂದು ತಾನಾಗಿಯೇ ಹೇಳತೊಡಗಿದಳು. ವಿಜಯಕುಮಾರ ಕಣ್ಣು ಮುಚ್ಚಿ ಕೇಳಿದ. ಕೆರೆ ಇಲ್ಲದಿದ್ದರೇನು, ಮಾತು ಇತ್ತಲ್ಲ!

ಅಷ್ಟರಲ್ಲಿ ಹೊರಗಿನಿಂದ ಚೀತ್ಕಾರ ಕೇಳಿಸಿತು. ಗಂಗರತ್ನಮ್ಮ ಚಾಪೆ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಚಾಪೆಯ ಉದ್ದಕ್ಕೂ ಹಪ್ಪಳದ ಪುಡಿ, ಪುಡಿಯ ಮೇಲೆ ಟೈರಿನ ಅಚ್ಚು ಅಚ್ಚುಕಟ್ಟಾಗಿ ಮೂಡಿತ್ತು.

"ಯಾವ್ ಮೂಗ್‌ಗಾಡಿ ಬಂದಿತ್ತಮ್ಮಾ ಇಲ್ಲಿಗೆ? ಒಂದು ಸದ್ದಾದ್ರೂ ಕೇಳುಸ್ಬಾರ್ದಾ!"

ವನಿತಾ ಹೊರಗೆ ಇಣುಕಿದಳು. ಮೂಲೆಯಲ್ಲಿ ಇರಬೇಕಾಗಿದ್ದ ಕಾರು ಗೇಟಿನ ಮುಂದೆಯೇ ನಿಂತಿತ್ತು. ಗಂಡ ಅದನ್ನು ಆಫ್ ಮಾಡುವುದನ್ನೂ ಮರೆತಿದ್ದ. ಹಿಂದಿನ ಹೊಸ ಡಬ್ಬ ನಿದ್ದೆ ಹೋದ ಮಗುವಿನಂತೆ ಮೆಲ್ಲಗೆ ಉಸಿರಾಡುತ್ತಿತ್ತು.

ಅವಳು ಒಳಗೆ ಹೋಗಿ ಹಣೆಗೆ ಒದ್ದೆಬಟ್ಟೆ ಕಟ್ಟಿಕೊಂಡು ಮಲಗಿದಳು. ಈ ಸಲ ತಲೆನೋವು ನಿಜವಾದದ್ದೇ ಆಗಿತ್ತು.