ತಾತನಿಗೆ ಮೂರು ಮೀಸೆ

ಎಲ್ಲರನ್ನೂ ಮೆಚ್ಚಿಸಬೇಕೆಂಬುದು ನನ್ನ ಹುಟ್ಟುಗುಣ. ಅದರಿಂದ ಕಷ್ಟಪಟ್ಟವರಲ್ಲಿ ಒಂದು ಕಂಪ್ಯೂಟರೂ ಇದೆ. ಹೊಳೆನರಸೀಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಹಾಸನದಿಂದ ಹಳೆಯ ಕಂಪ್ಯೂಟರೊಂದನ್ನೂ ಅದಕ್ಕೆ ತಗುಲಿಸಿ ಪೆನ್ನಿನಲ್ಲಿ ಚಿತ್ರ ಬರೆಯುವ ಅಗ್ಗದ ಟ್ಯಾಬ್ಲೆಟ್ಟನ್ನೂ ತಂದೆ. "ಇನ್ನು ನೆಲದ ಮೇಲೆ ಬಣ್ಣ ಚೆಲ್ಲಲ್ಲ" ಎಂದೆ. "ಅಷ್ಟಾದ್ರೂ ಆಗ್ಲಿ ಬಿಡಿ" ಎಂದಳು ಹೆಂಡತಿ.

ಅಷ್ಟರಲ್ಲೇ ನುಗ್ಗೇಹಳ್ಳಿಯ ದೊಡ್ಡತ್ತೆ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶದ ದಿನ ಗೋಡೆಯ ಮೇಲೆ ತನ್ನ ಅಪ್ಪ, ಅಂದರೆ ನನ್ನ ತಾತ, ಇರಬೇಕೆಂದು ಅವಳ ಆಸೆ. ಇದ್ದ ಒಂದೇ ಫೋಟೋವನ್ನು ಗೆದ್ದಲು ತಿಂದು ರುಮಾಲನ್ನೂ ಒಂದು ಕಿವಿಯನ್ನೂ ಮಾತ್ರ ಉಳಿಸಿತ್ತು. ನಾನೋ ತಾತನನ್ನು ಕಂಡವನೇ ಅಲ್ಲ. "ಅಪ್ಪಯ್ಯನ ಮೊಕನೇ ಮರ್ತೋಯ್ತಾ ಐತೆ ಕಣ್ಲಾ. ಒಂದ್ಸಲ ನೋಡ್ಬುಡ್ತೀನಿ, ಬರ್ಕೊಡು" ಎಂದಳು. ಯಾರನ್ನೂ ಏನೂ ಬೇಡದ ಹೆಂಗಸು ಅವಳು. ಆಗಲಿ ಎಂದೆ.

ತಾತನದು ಹುರಿಮೀಸೆ ಎಂದು ಅವಳೇ ಹೇಳಿದಳು. ಅರಕಲಗೂಡಿನ ಚಿಕ್ಕತ್ತೆ, "ಉರಿನೂ ಇಲ್ಲ ಗಿರಿನೂ ಇಲ್ಲ, ಜೋತು ಬಿದ್ದಿತ್ತು" ಎಂದಳು. ನಮ್ಮಪ್ಪನ ಪ್ರಕಾರ ತೆಳ್ಳಗೆ ಕತ್ತರಿಸಿದ ಮೀಸೆ. ಕಂಪ್ಯೂಟರಿನಲ್ಲಿ ಲೇಯರ್ ಎಂಬ ಅನುಕೂಲವಿದೆ, ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ. ಯಾರನ್ನೂ ನೋಯಿಸುವುದು ಬೇಡವೆಂದು ಒಬ್ಬೊಬ್ಬರ ಮೀಸೆಗೂ ಒಂದೊಂದು ಹಾಳೆ ಹಾಕಿದೆ. ಆಮೇಲೆ ಮೂಗು, ಹುಬ್ಬು, ಗಲ್ಲದ ವಿಷಯದಲ್ಲೂ ಇದೇ ಕಥೆ. ಕೊನೆಗೆ ನಾನು ಪೆನ್ನು ಎಳೆದರೆ ಗೆರೆ ಮೂಡುವುದೇ ಇಲ್ಲ. ಹುಬ್ಬು ಎಳೆದು ಕಾಫಿ ಕುಡಿದು ಬಂದರೆ ಹುಬ್ಬು ಕಾಣಿಸಿಕೊಳ್ಳುತ್ತಿತ್ತು, ಅದೂ ಹಣೆಯ ಮಧ್ಯದಲ್ಲಿ. ತಾತನ ಹಿಂದೆ ಕಪ್ಪು ಬಣ್ಣ ತುಂಬಿದ್ದೆ. ಗೆರೆ ಬರುವ ತನಕ ಕಂಪ್ಯೂಟರಿನ ಆ ಕಪ್ಪು ಗಾಜನ್ನೇ ನೋಡುತ್ತ ಕೂರುತ್ತಿದ್ದೆ.

ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ರಂಗಸ್ವಾಮಿ ಬಂದು ನೋಡಿ, "ಇಷ್ಟೊಂದು ಲೇಯರ್ ಹೇರಿದ್ರೆ ಈ ಬಡಪಾಯಿ ಎಲ್ಲಿಂದ ಎಳೀತದೆ ಸಾ? ಚಿತ್ರದ್ ಅಳತೆ ಸಣ್ಣದ್ ಮಾಡಿ, ಬ್ರಷ್ಷೂ ಸಣ್ಣದ್ ಮಾಡಿ. ಲೇಯರೆಲ್ಲ ಒಂದ್ ಮಾಡ್ಬುಡಿ" ಎಂದರು.

"ಒಂದು ಮಾಡಿದರೆ ಒಬ್ಬರದೇ ಮೀಸೆ ಉಳಿಯುತ್ತೆ."

"ಅದು ಕಂಪ್ಯೂಟರ್ ತೊಂದ್ರೆ ಅಲ್ಲ ಬುಡಿ ಸಾ."

ಗೃಹಪ್ರವೇಶ ಹತ್ತಿರ ಬಂದಿತ್ತು. ಕಣ್ಣುಮುಚ್ಚಿ ಧೈರ್ಯ ಮಾಡಿ ಮೂವರ ಮೀಸೆ, ಮೂಗು, ಹುಬ್ಬುಗಳನ್ನೆಲ್ಲ ಅಳಿಸಿದೆ. ಪೆನ್ನು ಸಲೀಸಾಗಿ ಓಡತೊಡಗಿತು. ಅದೇ ಉಮೇದಿನಲ್ಲಿ ಕೈಗೆ ಬಂದ ಮುಖವೊಂದನ್ನು ಮೀಸೆ ಸಮೇತ ಬರೆದು, ಹಾಸನದಲ್ಲಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ತಂದೆ.

ದೊಡ್ಡತ್ತೆ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಸೆರಗಿನಿಂದ ಮೊದಲು ಗಾಜನ್ನೂ ಆಮೇಲೆ ಕಣ್ಣನ್ನೂ ಒರೆಸಿಕೊಂಡಳು. "ಅಪ್ಪಯ್ಯ ಅಂಗೇ ಅವ್ನೆ" ಎಂದಳು. "ನಾನೇಳಿದ್ ಮೀಸೇನೇ ಬರ್ದವ್ನೆ" ಎಂದು ಚಿಕ್ಕತ್ತೆ ಬೀಗಿದಳು. ನನ್ನ ಹೆಂಡತಿ ಮಾತ್ರ ಕಿವಿಯ ಹತ್ತಿರ ಬಂದು, "ನಿಮ್ ಮುಖಕ್ಕೇ ರುಮಾಲು ಸುತ್ತಿದೀರಲ್ರೀ" ಎಂದಳು. ಆ ಕಪ್ಪು ಗಾಜಿನಲ್ಲಿ ಅಷ್ಟು ದಿನ ನಾನು ಯಾರನ್ನು ನೋಡುತ್ತ ಕೂತಿದ್ದೆನೆಂದು ಆಗ ಹೊಳೆಯಿತು.

ದೊಡ್ಡತ್ತೆ ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಸಿಕ್ಕಿಬಿದ್ದೆ ಎಂದುಕೊಂಡೆ. ಅವಳು ನನ್ನ ಗಲ್ಲ ಹಿಡಿದು, "ಅಪ್ಪಯ್ಯನ ಮೊಕ ನಿಂಗೇ ಬಂದೈತೆ ಕಣ್ಲಾ, ನಾನು ಇಷ್ಟ್ ದಿನ ನೋಡ್ನೇ ಇಲ್ಲ" ಎಂದಳು.

ಅಂದಿನಿಂದ ತನ್ನ ಅಪ್ಪನ ಮೇಲೆ ಉಳಿಸಿಕೊಂಡಿದ್ದ ದೂರನ್ನೆಲ್ಲ ಅವಳು ನನಗೆ ಒಪ್ಪಿಸುತ್ತಾಳೆ. "ಒಳೆ ದಂಡೇಲಿ ಬೆಳ್ದ ಮಗಳ್ನ ನೀರಿಲ್ದ ಊರಿಗೆ ಯಾಕ್ ಕೊಟ್ಟೆ?" ಎಂದು ನನ್ನ ಮುಖ ನೋಡುತ್ತಾಳೆ. ಉತ್ತರ ಕೊಡಲು ನಾನು ಆ ಕಂಪ್ಯೂಟರಿಗಿಂತಲೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.