ನನ್ನ ಕತ್ತಿಯ ಮೇಲೆ ತಮ್ಮ ಒದ್ದೆ ಲಂಗ

ಸರ್ಪಕೇಶಿನಿಯರೂ ಶಿಲಾಕಾರಿಣಿಯರೂ ಆದ ಶ್ರೀಮತಿ ಮೆಡೂಸಾ ಅವರ ಸನ್ನಿಧಾನಕ್ಕೆ, ಎದುರು ನಿಲ್ಲುವ ಧೈರ್ಯ ಸಾಲದೆ ಬೆನ್ನು ತಿರುಗಿಸಿಕೊಂಡೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ತಲೆಯ ಮೇಲಿನ ಸಮಸ್ತ ಹಾವುಗಳೂ ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಊಟದ ಕೋಣೆಯ ಗೋಡೆಯನ್ನು ಪೂರ್ತಿ ಆಕ್ರಮಿಸಿರುವ ಚಿತ್ರದಲ್ಲಿ ತಮ್ಮ ಎಡಕ್ಕೆ ಕಲ್ಲಾಗಿ ನಿಂತಿರುವ ಬಡಪಾಯಿ ನಾನೇ. ಆ ಚಿತ್ರ ಬರೆದವಳು ನನ್ನ ಹೆಂಡತಿ.

ತಮ್ಮನ್ನು ನೋಡಿದವರೆಲ್ಲ ಕಲ್ಲಾಗುತ್ತಿದ್ದರೆಂದೂ, ಒಬ್ಬ ವೀರ ಬಂದು ತಮ್ಮ ತಲೆ ಕತ್ತರಿಸಿದನೆಂದೂ ಗ್ರೀಕರ ಕಥೆ. ಅಂದಿನಿಂದ ಚಿತ್ರಕಾರರು ಆ ವೀರನ ತೊಡೆತೋಳುಗಳನ್ನು ಭಕ್ತಿಯಿಂದ ತಿದ್ದಿ, ತಮ್ಮ ತಲೆಯನ್ನು ತರಕಾರಿ ಚೀಲದಂತೆ ಅವನ ಕೈಗೆ ತೂಗುಹಾಕುತ್ತಾ ಬಂದಿದ್ದಾರೆ. "ಅವಳು ಮಲಗಿದ್ಲು ರೀ. ಮಲಗಿದ್ದೋಳ ತಲೆ ಕಡಿದೋನು ಅದ್ಯಾವ ಸೀಮೆ ವೀರ?" ಎಂದು ನನ್ನವಳು ಕೇಳಿದಾಗ, ನ್ಯಾಯವೆಂದು ತಲೆಯಾಡಿಸಿದೆ. "ಅವನ ಪಾತ್ರಕ್ಕೆ ನೀವು ನಿಲ್ತೀರಾ?" ಎಂದಾಗ, ಮಿಕ್ಕದ್ದನ್ನು ಕೇಳಿಸಿಕೊಳ್ಳದೆ ಒಪ್ಪಿಕೊಂಡೆ. ಎಡವಿದ್ದು ಅಲ್ಲೇ.

ಭಾನುವಾರಗಳೆಲ್ಲ ಕತ್ತಿಯ ಬದಲು ಕಸಬರಿಗೆ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ಬಲಗೈ ಚಾಚಿ ನಿಂತೆ. ಮುಗಿಯುವ ತನಕ ಯಾರೂ ನೋಡಕೂಡದೆಂಬುದು ನನ್ನವಳ ಕಟ್ಟಳೆ. ನೋಡದೆಯೇ ನಾನು ಅಚ್ಚುಕೂಟದ ಸಹೋದ್ಯೋಗಿಗಳಿಗೆಲ್ಲ "ವೀರನ ಪಾತ್ರದಲ್ಲಿ ನಾನು" ಎಂದು ಸಾರಿಬಿಟ್ಟೆ. ಹೊದಿಕೆ ಸರಿದರೆ ಕಂಡದ್ದೇನು? ತಾವು ಅಂದು ವೀರ ಬರುವ ಸ್ವಲ್ಪ ಮೊದಲೇ ಎದ್ದುಬಿಟ್ಟಿದ್ದೀರಿ. ಹಾವುಗಳಿಗೆ ಜಡೆ ಹೆಣೆಯುತ್ತಾ ಆರಾಮವಾಗಿ ಕುಳಿತಿದ್ದೀರಿ. ಕಲಿಯಾಗಿ ಬಂದವನು ಕಲ್ಲಾಗಿದ್ದೇನೆ, ಸರದಾರನಾಗಲು ಹೋಗಿ ಬಟ್ಟೆ ಒಣಹಾಕುವ ದಾರವಾಗಿದ್ದೇನೆ. ಕತ್ತಿಯ ಮೇಲೆ ತಮ್ಮ ಒದ್ದೆ ಲಂಗ, ಎರಡು ಕಿವಿಗೂ ಒಂದೊಂದು ಕಾಲುಚೀಲ. ಹೊಟ್ಟೆಯನ್ನು ಮಾತ್ರ ನನ್ನವಳು ಇದ್ದಂತೆಯೇ ಬರೆದಿದ್ದಾಳೆ.

ತಮ್ಮ ಮುಖದ ನೆಮ್ಮದಿಯನ್ನು ಹೊಗಳದಿರಲಾರೆ. ಅಷ್ಟು ಕಾಲ ಕಂಡವರ ಕೈಯಲ್ಲಿ ತೂಗಾಡಿದ ತಲೆ ಸ್ವಂತ ಕತ್ತಿನ ಮೇಲೆ ಕೂತರೆ ಇಷ್ಟು ಲಕ್ಷಣವಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ಆದರೆ ನಾಳಿದ್ದು ಸಂಜೆ ಮನೆಯಲ್ಲೇ ಚಿತ್ರದ ಪ್ರದರ್ಶನ, ಅಚ್ಚುಕೂಟದವರೆಲ್ಲ ಬರುತ್ತಾರೆ. "ಏನಪ್ಪಾ ವೀರ, ಕುದುರೆ ಎಲ್ಲಿ ಕಟ್ಟಿದೀಯಾ?" ಎಂದು ಬೈಂಡಿಂಗ್ ವಿಭಾಗದ ಅಣ್ಣ ಈಗಲೇ ಕೇಳಿಯಾಗಿದೆ. ಆದಕಾರಣ ಆ ಒಂದು ಸಂಜೆಯ ಮಟ್ಟಿಗೆ ತಾವು ಲಂಗವನ್ನು ತೆಗೆದಿಡಬೇಕು. ಆಗದಿದ್ದರೆ ಚಿತ್ರದೊಳಗೆ ಮಳೆ ಸುರಿಸಬೇಕು. ಅದೂ ಆಗದಿದ್ದರೆ ಬಂದವರನ್ನೆಲ್ಲ ಒಮ್ಮೆ ದಿಟ್ಟಿಸಿ ನೋಡಬೇಕು. ನನ್ನನ್ನು ಮರಳಿ ಮನುಷ್ಯನನ್ನಾಗಿಸಿದಿರೋ, ಒಂದು ಹಾವಿಗೂ ಎಚ್ಚರವಾಗದಂತೆ ಬಾಗಿಲು ಮುಚ್ಚಿಕೊಂಡು ಹೊರಟುಹೋಗುತ್ತೇನೆ. ಕತ್ತಿ ಅಲ್ಲೇ ಇರಲಿ, ಬಟ್ಟೆಗಾದೀತು.

ಕದಲಲಾಗದ, ಕೈ ಇಳಿಸಲಾಗದ,
ತಮ್ಮ ವಿಶ್ವಾಸಿ,
ಎಡಗಡೆಯ ಕಲ್ಲು

ಮರೆತ ಮಾತು: ಈ ಪತ್ರವನ್ನು ಬಲಗೈ ಚಾಚಿ, ಆವೇಶದಿಂದ ನನ್ನವಳಿಗೆ ಓದಿ ಹೇಳಿದೆ. ಮುಗಿಸುವಷ್ಟರಲ್ಲಿ ಆ ಕೈಮೇಲೆ ಎರಡು ಟವೆಲ್ಲು, ಒಂದು ದಿಂಬಿನ ಚೀಲ. "ಹಾಗೇ ಇರಿ, ಒಣಗಿದ್ಮೇಲೆ ಮಾತಾಡೋಣ" ಎಂದು ಮಧ್ಯಾಹ್ನದ ನಿದ್ದೆಗೆ ಹೋದಳು. ಮಲಗಿದವರ ತಂಟೆಗೆ ಹೋದರೆ ಏನಾಗುತ್ತದೆಂದು ತಮ್ಮ ಕೃಪೆಯಿಂದ ಬಲ್ಲೆನಾದ್ದರಿಂದ, ನಿಂತೇ ಇದ್ದೇನೆ.